ಎರಡನೆಯವನ ಸಾಕ್ಷಿ

ಸ್ಪರ್ಧೆಯ ತೀರ್ಪುಗಾರರು ಮೇಜಿನ ಮೇಲಿನ ಬಟ್ಟೆ ಸರಿಸಿದರು. ಗ್ರಂಥಾಲಯ ಇರಬೇಕಾದ ಕಡೆ ಮರದ ಚೂರುಗಳ ರಾಶಿಯಿತ್ತು.

ವಾಸ್ತುಶಿಲ್ಪ ಕಾಲೇಜಿನ ಕೊನೆಯ ವರ್ಷದ ಟಾಪರ್ ಹುಡುಗಿ ತಿಂಗಳುಗಟ್ಟಲೆ ಕೂತು ತೆಳು ಮರದಲ್ಲಿ ಕಟ್ಟಿದ್ದ ಮಾದರಿ ಅದು. ಗೋಡೆ, ಛಾವಣಿ, ಮೆಟ್ಟಿಲು ಎಲ್ಲ ಬಿಡಿಬಿಡಿ. ಹುಡುಗಿ ಅಳಲಿಲ್ಲ. "ಯಾರೋ ಹಾಳು ಮಾಡಿದ್ದಾರೆ," ಎಂದಳು, ಹಾಜರಿ ಹೇಳುವ ದನಿಯಲ್ಲಿ. ಅವಳನ್ನು ವಿಶ್ರಾಂತಿ ಕೋಣೆಗೆ ಕಳಿಸಿ ಪ್ರೊಫೆಸರು ಪೊಲೀಸರಿಗೆ ಫೋನ್ ಮಾಡಿದರು. ಬರಬೇಕಿದ್ದ ಬಹುಮಾನದಲ್ಲಿ ಕಾಲೇಜಿಗೂ ಪಾಲಿತ್ತಲ್ಲ!

ಇನ್‌ಸ್ಪೆಕ್ಟರ್ ಮೇಡಂ ಬಂದಾಗ ಅಪರಾಧಿ ಸಿದ್ಧನಾಗಿದ್ದ.

"ಇವನೇ ಮೇಡಂ. ಮೊದಲ ವರ್ಷದಿಂದ ಎರಡನೇ ಸ್ಥಾನ. ಕ್ಲಾಸಿನಲ್ಲಿ ಇವನ ಹೆಸರೇ ಸೆಕೆಂಡ್. ಬೆಳಿಗ್ಗೆ ಇಲ್ಲೇ ಸುತ್ತಾಡ್ತಿದ್ದ. ಹೊಟ್ಟೆಕಿಚ್ಚು, ಇನ್ನೇನು?" ಎಂದರು ಪ್ರೊಫೆಸರು.

ಮೇಡಂಗೆ ಒಬ್ಬ ತಂಗಿಯಿದ್ದಳು. ಶಾಲೆಯಿಂದ ಮದುವೆಯವರೆಗೆ ಎಲ್ಲದರಲ್ಲೂ ಅವಳೇ ಮೊದಲು. ಹೊಟ್ಟೆಕಿಚ್ಚಿನ ವಿಷಯದಲ್ಲಿ ಅಕ್ಕನಿಗೆ ಯಾರ ಪಾಠವೂ ಬೇಕಿರಲಿಲ್ಲ.

"ಬೆಳಿಗ್ಗೆ ಯಾಕೆ ಬಂದಿದ್ದೆ?"

"ತಪ್ಪು ಹುಡುಕೋಕೆ. ದಿನಾ ಬರ್ತೀನಿ. ಅವಳ ಕೆಲಸದಲ್ಲಿ ಒಂದು ತಪ್ಪು ಸಿಕ್ಕಿದ್ರೆ ಅವತ್ತು ನಂಗೆ ಊಟ ಸೇರುತ್ತೆ. ಇವತ್ತು ಬಟ್ಟೆ ಹೊದಿಸಿತ್ತು. ವಾಪಸ್ ಹೋದೆ."

"ಒಡೆದಿದ್ದು ನೀನಾ?"

"ಒಡೀಬೇಕು ಅಂತ ಎಷ್ಟು ಸಲ ಅಂದ್ಕೊಂಡಿದ್ದೆ ಮೇಡಂ! ಅಷ್ಟರಲ್ಲಿ ಯಾರೋ ಒಡೆದುಬಿಟ್ಟಿದ್ದಾರೆ." ಅವನ ಮುಖ ಹುಳ್ಳಗಾಯಿತು. "ಇದರಲ್ಲೂ ನಾನು ಸೆಕೆಂಡೇ."

ಮೇಡಂ ನಗು ನುಂಗಿಕೊಂಡರು.

* * *

ಮೇಡಂ ಚೂರುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಆಮೇಲೆ ಸೆಕೆಂಡ್‌ನನ್ನು ಕರೆದರು.

"ನೀನಾಗಿದ್ರೆ ಹೇಗೆ ಒಡೀತಿದ್ದೆ?"

"ಒದೀತಿದ್ದೆ. ಜೋರಾಗಿ."

"ಅದೇ. ಹೊಟ್ಟೆಕಿಚ್ಚು ಒದೆಯುತ್ತೆ, ಅಳತೆ ಹಿಡಿದು ಕೊಯ್ಯಲ್ಲ. ನೋಡು, ಅಂಟು ಹಾಕಿದ ಜಾಗದಲ್ಲೇ ಬ್ಲೇಡ್ ಆಡಿದೆ. ಒಂದೂ ಸೀಳಿಲ್ಲ. ಪುಡಿಯನ್ನೂ ಗುಡಿಸಿದ್ದಾರೆ. ಬ್ಲೇಡನ್ನ ಕಾಗದದಲ್ಲಿ ಸುತ್ತಿ ಮೂಲೆಗಿಟ್ಟಿದ್ದಾರೆ."

ಸೆಕೆಂಡ್ ಬಗ್ಗಿ ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಹೀಗೆ ಸುತ್ತಿಡೋದು ಇಡೀ ಕಾಲೇಜಲ್ಲಿ ಅವಳೊಬ್ಬಳೇ. ಛೆ! ಒಡೆಯೋದ್ರಲ್ಲೂ ನೂರಕ್ಕೆ ನೂರು ತಗೊಂಡಿದ್ದಾಳೆ!"

"ಇವತ್ತು ನಿನ್ನ ಹತ್ರ ಮಾತಾಡಿದ್ಲಾ?"

"ತಾನಾಗೇ ಬಂದು ತನ್ನ ಸ್ಟೀಲ್ ಸ್ಕೇಲ್ ಕೊಟ್ಲು. ಅವಳ ತಾತಂದು. ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. 'ಇನ್ಮೇಲೆ ನಿನ್ನ ಹತ್ರಾನೇ ಇರ್ಲಿ' ಅಂದ್ಲು. ಎಷ್ಟು ಕೊಬ್ಬು ನೋಡಿ! ನನ್ನ ಗೆರೆ ಸೊಟ್ಟ ಅಂತ ಚುಚ್ಚಿದ್ದು."

ಮೇಡಂ ಕೈಯಲ್ಲಿದ್ದ ಚೂರು ಕೆಳಗಿಟ್ಟರು. "ಬೇರೆಯವರಿಗೂ ಏನಾದ್ರೂ ಕೊಟ್ಲಾ?"

"ಜೂನಿಯರ್‌ಗೆ ಬಣ್ಣದ ಪೆಟ್ಟಿಗೆ. ರೂಮ್‌ಮೇಟ್‌ಗೆ ವಾಚು. ಯಾಕೆ?"

ಮೇಡಂ ಆಗಲೇ ಓಡುತ್ತಿದ್ದರು.

* * *

ವಿಶ್ರಾಂತಿ ಕೋಣೆಯ ಹೊರಗೆ ಹುಡುಗಿಯ ತಾಯಿ ಕೂತಿದ್ದರು.

"ಒಬ್ಬಳೇ ಇರ್ತೀನಿ ಅಂದ್ಲು. ಚಿಂತೆಯಿಲ್ಲ, ಮತ್ತೆ ಕಟ್ತಾಳೆ. ನನ್ನ ಮಗಳು ಯಾವತ್ತೂ ಎರಡನೆಯವಳಾದವಳಲ್ಲ."

ಮೇಡಂ ಬಾಗಿಲು ತಳ್ಳಿದರು. ಹುಡುಗಿ ಮಂಚದ ಅಂಚಿನಲ್ಲಿ ಕೂತಿದ್ದಳು. ಮೇಡಂ ಉಸಿರು ಬಿಟ್ಟು ಅವಳ ಪಕ್ಕ ಕೂತರು.

"ಸತ್ತುಹೋಗ್ಬೇಕು ಅನ್ನಿಸ್ತಿದೆಯಾ, ಮಗಳೇ?"

"ಅಯ್ಯೋ, ಎಂಥಾ ಮಾತು—" ತಾಯಿ ಬಾಗಿಲಿಂದಲೇ ಕೂಗಿದರು.

"ನೀವು ಸ್ವಲ್ಪ ಸುಮ್ಮನಿರಿ, ಅಮ್ಮಾ."

ಹುಡುಗಿ ಹಾಸಿಗೆಯ ಸುಕ್ಕು ನೀವಿ ಸರಿಮಾಡಿದಳು. "ಹೂಂ," ಎಂದಳು. "ಒಂದು ಮೆಟ್ಟಿಲು ಕೂದಲೆಳೆಯಷ್ಟು ಎತ್ತರ ಆಗಿತ್ತು. ಸರಿಮಾಡೋಕೆ ಹೊತ್ತಿರ್ಲಿಲ್ಲ. ಎಲ್ಲ ಬಿಡಿಸಿಬಿಟ್ಟೆ. ಯಾರೋ ಒಡೆದ್ರು ಅಂದ್ರೆ ಅದು ನನ್ನ ತಪ್ಪಾಗಲ್ಲ. ಆಮೇಲೆ ನಾನೂ ಇರೋದು ಬೇಡ ಅಂತ..."

"ಆ ಮೆಟ್ಟಿಲು ನಾನು ನೋಡಿದ್ದೆ." ಸೆಕೆಂಡ್ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ. "ಹೋದ ವಾರವೇ."

ಅವಳು ತಲೆಯೆತ್ತಿದಳು. "ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ. ಅಂಥ ಖುಷಿಯನ್ನ ಯಾರಾದ್ರೂ ಹಂಚ್ಕೋತಾರಾ? ಆದ್ರೆ ಅವತ್ತೂ ಹೊಟ್ಟೆ ಉರೀತು. ಮೆಟ್ಟಿಲು ತಪ್ಪಿದ್ರೂ ಉರೀತು ಕಣೇ! ಅಷ್ಟು ಚೆನ್ನಾಗಿತ್ತು."

ಅವಳಿಂದ ನಗುವೋ ಬಿಕ್ಕೋ ತಿಳಿಯದ ಸದ್ದೊಂದು ಬಂತು. ಆಮೇಲೆ ಅವಳು ಅತ್ತಳು. ತಾಯಿ ಒಳಗೆ ಬಂದು ಮಗಳನ್ನು ತಬ್ಬಿಕೊಂಡರು.

ಪ್ರೊಫೆಸರು ಬಂದರು. "ಅಪರಾಧಿ ಒಪ್ಕೊಂಡನಾ?"

"ಇವಳದ್ದನ್ನ ಇವಳೇ ಬಿಡಿಸಿದ್ದಾಳೆ. ಕೇಸಿಲ್ಲ. ಕೆಲಸ ಯಾರದ್ದು ಅಂತ ಬ್ಲೇಡ್ ಹೇಳ್ತು, ಮುಂದೇನು ಅಂತ ಸ್ಕೇಲ್ ಹೇಳ್ತು. ಪ್ರಾಣದ ಹಾಗೆ ಕಾಪಾಡಿದ್ದನ್ನೆಲ್ಲ ಒಂದೇ ದಿನ ಹಂಚೋರನ್ನ ಒಬ್ಬರನ್ನೇ ಬಿಡಬಾರದು ಸರ್. ನೀವು ಬಿಟ್ರಿ. ಓಡಿ ಬರುವಾಗಲೇ ಡಾಕ್ಟರಿಗೆ ಹೇಳಿದ್ದೀನಿ, ಬರ್ತಿದ್ದಾರೆ."

"ಹಾಗಾದ್ರೆ ಬಹುಮಾನ ಇವನಿಗೇ..."

"ನಂಗೆ ಬೇಡ ಸರ್," ಎಂದ ಸೆಕೆಂಡ್. "ಇವಳಿಲ್ಲದೆ ಮೊದಲು ಬಂದ್ರೆ ಅದೂ ಒಂದು ಗೆಲುವಾ?"

ಹುಡುಗಿ ಮೂಗೊರೆಸಿಕೊಂಡಳು. "ನಾನಿದ್ರೆ ನೀನು ಗೆಲ್ಲಲ್ಲ."

"ಇದ್ದು ನೋಡು," ಎಂದು ಅವನು ಕುರ್ಚಿ ಎಳೆದುಕೊಂಡು ಅವಳೆದುರು ಕೂತ.