ಪಿಸ್ತೂಲಿನ ಬಿಗಿ ಕುದುರೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ಗುರುಬಸಪ್ಪನವರು. ಸೋಮವಾರದ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ತನಕ ಸುಮ್ಮನೆ ಕುಳಿತು, ಆಮೇಲೆ ನಿಧಾನವಾಗಿ ಬಾಯಿ ತೆರೆಯುತ್ತಿದ್ದರು. ಅವರು ಹೇಳಿದಂತೆಯೇ ಹೇಳುತ್ತೇನೆ. ತಪ್ಪಿದ್ದರೆ ನನ್ನದು, ಒಳ್ಳೆಯದಿದ್ದರೆ ಶಿವನದು.

ಬಹಳ ಹಿಂದೆ, ಏಳು ಬೆಟ್ಟಗಳ ನಡುವೆ ನೇರಳಕೋಟೆ ಎಂಬ ರಾಜ್ಯವಿತ್ತು. ಬೂದಿಗಣ್ಣ ಎಂಬ ಮಾಂತ್ರಿಕನಿಗೆ ಆ ರಾಜ್ಯದ ಮೇಲೆ ಆಸೆ ಬಿತ್ತು. "ಸಿಂಹಾಸನ ಬಿಟ್ಟು ಇಳಿ" ಎಂದು ರಾಜನಿಗೆ ಹೇಳಿಕಳಿಸಿದ. ರಾಜ ಇಳಿಯಲಿಲ್ಲ. ಅಮಾವಾಸ್ಯೆಯ ದಿನ ನಡುಮಧ್ಯಾಹ್ನ ಬೂದಿಗಣ್ಣ ಕೆರೆಯ ಏರಿಯ ಮೇಲೆ ನಿಂತು ಒಂದು ಹಿಡಿ ಬೂದಿ ಊದಿದ. ನೀರಿಗೆ ಬಂದಿದ್ದ ನಲವತ್ತು ಹೆಂಗಸರ ಕಾಲು ಮೊಣಕಾಲಿನವರೆಗೆ ಕಲ್ಲಾಯಿತು. ಮಾತಿತ್ತು, ಉಸಿರಿತ್ತು, ಕಾಲು ಮಾತ್ರ ಕಲ್ಲು.

ಊರಿಗೆ ಊರೇ ಏರಿಗೆ ಓಡಿ ಬಂತು.

ಬೂದಿಗಣ್ಣ ಹೇಳಿದ: "ಮುಂದಿನ ಅಮಾವಾಸ್ಯೆಗೆ ಸೊಂಟ, ಅದರ ಮುಂದಿನದಕ್ಕೆ ಕುತ್ತಿಗೆ, ಮೂರನೆಯದಕ್ಕೆ ನೆತ್ತಿ. ಪ್ರತಿ ಅಮಾವಾಸ್ಯೆ ಇದೇ ಹೊತ್ತಿಗೆ ನನ್ನ ಕೋಣ ಇಲ್ಲಿ ನೀರಿಗೆ ಬರುತ್ತದೆ. ಅದರ ಕೊಂಬುಗಳ ನಡುವೆ ಒಂದು ಹವಳ ತೂಗುತ್ತದೆ. ನನ್ನ ಪ್ರಾಣ ಅದರಲ್ಲಿದೆ. ಪ್ರತಿ ಸಲ ಒಬ್ಬ ಮನುಷ್ಯ, ಒಂದು ಗುಂಡು. ಹವಳ ಒಡೆದರೆ ನಾನು ಸೋತೆ. ಕೋಣದ ಮೈಯಿಂದ ಒಂದು ಹನಿ ರಕ್ತ ಬಂದರೂ ನಲವತ್ತೂ ಜನ ಆ ಗಳಿಗೆಯಲ್ಲೇ ಪೂರ್ತಿ ಕಲ್ಲು."

ಆ ನಲವತ್ತರಲ್ಲಿ ಗಿರಿಜವ್ವ ಒಬ್ಬಳು. ತಾಯಿ ತೀರಿಕೊಂಡ ಮೇಲೆ ತಮ್ಮ ಬೊಮ್ಮಣ್ಣನನ್ನು ಸಾಕಿ ದೊಡ್ಡವನನ್ನು ಮಾಡಿದವಳು. ಬೊಮ್ಮಣ್ಣ ಕೋಟೆ ಬಾಗಿಲ ಕಾವಲುಗಾರ. ಓಡಿ ಬಂದು ಅಕ್ಕನ ಕಲ್ಲುಕಾಲು ಹಿಡಿದುಕೊಂಡು ಗೊಳೋ ಎಂದು ಅತ್ತ.

"ಅಳಬೇಡ ಕಣೋ. ಒಲೆ ಮೇಲೆ ಸಾರಿಟ್ಟು ಬಂದೀನಿ. ಮೊದಲು ಹೋಗಿ ಅದನ್ನ ಇಳಿಸು" ಎಂದಳು ಗಿರಿಜವ್ವ.

ರಾಜ ಹೆಂಗಸರಿಗೆ ಚಪ್ಪರ ಹಾಕಿಸಿದ. ಊರಿನವರು ಅಲ್ಲಿಗೇ ಊಟ ತಂದುಕೊಟ್ಟರು. ಆದರೆ ಗುಂಡು ಹೊಡೆಯಲು ಯಾರೂ ಮುಂದೆ ಬರಲಿಲ್ಲ. ಬೊಮ್ಮಣ್ಣ ಬಂದ.

ಮಾಯೆಯನ್ನು ಮುರಿಯುವ ಆಯುಧ ರಾಜ್ಯದಲ್ಲಿ ಒಂದೇ ಇತ್ತು. ಅದು ಕೋಟೆಯ ದೇವಿಯ ಗುಡಿಯಲ್ಲಿದ್ದ ಪಿಸ್ತೂಲು. ಗುಡಿ ನೋಡಿಕೊಳ್ಳುತ್ತಿದ್ದ ನಿಂಗಜ್ಜಿ ಅದಕ್ಕೆ ಕುಂಕುಮವಿಟ್ಟು ಬೊಮ್ಮಣ್ಣನ ಕೈಗೆ ಕೊಟ್ಟಳು.

ಅಮಾವಾಸ್ಯೆ ಬಂತು. ಕೋಣ ಬಂತು. ನೇರಳಕೋಟೆಯವರದು ಒಂದು ಪದ್ಧತಿ: ನೇಗಿಲಾಗಲಿ, ಸೌಟಾಗಲಿ, ಹಿಡಿದದ್ದನ್ನು ಮೊದಲು ಎರಡು ಕಣ್ಣಿಗೂ ಒತ್ತಿಕೊಂಡೇ ಕೆಲಸಕ್ಕೆ ಇಳಿಯುವುದು. ಬೊಮ್ಮಣ್ಣನೂ ಪಿಸ್ತೂಲನ್ನು ಕಣ್ಣಿಗೊತ್ತಿಕೊಂಡು, ಗುರಿ ಹಿಡಿದು, ಕುದುರೆಗೆ ಬೆರಳು ಹಾಕಿದ. ಗುಂಡು ಹಾರಿಸಲು ಎಳೆಯುವ ಕೊಕ್ಕೆಗೆ ಕುದುರೆ ಎನ್ನುತ್ತಾರೆ. ಅದು ಎಷ್ಟು ಬಿಗಿಯೆಂದರೆ ಬೆರಳಿಗೆ ಬಗ್ಗಲಿಲ್ಲ. ತೋಳಿನ ಬಲವನ್ನೆಲ್ಲ ಹಾಕಿ ಎಳೆದ. ನಳಿಗೆ ಕೆಳಗೆ ವಾಲಿತು. ಗುಂಡು ಕೆರೆಯ ನೀರಿಗೆ ಬಿತ್ತು. ಹೆಂಗಸರು ಸೊಂಟದವರೆಗೆ ಕಲ್ಲಾದರು.

ಬೊಮ್ಮಣ್ಣ ಕಮ್ಮಾರ ಕಾಳಾಚಾರಿಯ ಹತ್ತಿರ ಓಡಿದ.

"ಆಚಾರ್ರೇ, ಈ ಕುದುರೆಯನ್ನ ಸಡಿಲ ಮಾಡಿಕೊಡಿ."

"ಒಳಗಿನ ಕಬ್ಬಿಣ ಅರದಿಂದ ಉಜ್ಜಬೇಕು ತಮ್ಮಾ. ಉಜ್ಜಿದರೆ ಹೂವಿನ ಹಾಗೆ ಹಗುರ ಆಗುತ್ತೆ."

ಎದುರಿಗಿದ್ದ ಗುಡಿಯ ಕಟ್ಟೆಯಿಂದ ನಿಂಗಜ್ಜಿ ಎದ್ದು ಬಂದಳು. "ತುಕ್ಕು ತೆಗಿ, ಎಣ್ಣೆ ಹಾಕು, ಬೇಡ ಅನ್ನಲ್ಲ. ಕಬ್ಬಿಣ ಉಜ್ಜಬೇಡ. ಅದರ ಬಿಗಿ ಅದಕ್ಕಿರಲಿ, ನೀನು ನಿನ್ನ ಬೆರಳನ್ನ ಪಳಗಿಸು. ನಮ್ಮ ಮನೆಯವರು ಇದೇ ಪಿಸ್ತೂಲಲ್ಲಿ ಹಾರೋ ಹಕ್ಕಿ ಹೊಡೀತಿದ್ದರು."

"ಪಳಗೋಕೆ ಎಷ್ಟು ದಿನ ಬೇಕಜ್ಜಿ?"

"ಬೆಳಗ್ಗೆ ಸಾವಿರ, ಸಂಜೆ ಸಾವಿರ ಎಳೆದರೆ ಒಂದು ತಿಂಗಳು."

"ಉಜ್ಜೋಕೆ ಎಷ್ಟು ಹೊತ್ತು ಆಚಾರ್ರೇ?"

"ನೀನು ಎಲೆಅಡಿಕೆ ಹಾಕ್ಕೊಂಡು ಮುಗಿಸೋದರೊಳಗೆ."

ಬೊಮ್ಮಣ್ಣ ಎಲೆಅಡಿಕೆ ಹಾಕಿಕೊಂಡ. ತಪ್ಪು ಅಲ್ಲೇ ಆಯಿತು. ಅಕ್ಕನ ಸೊಂಟದವರೆಗೆ ಕಲ್ಲು ಏರಿರುವಾಗ ನಾವಾದರೂ ಏನು ಮಾಡುತ್ತಿದ್ದೆವೋ, ದೇವರೇ ಬಲ್ಲ.

ಎರಡನೆಯ ಅಮಾವಾಸ್ಯೆ ಬಂತು. ಕೋಣ ಬಂತು. ರಾಜ ನೋಡುತ್ತಿದ್ದ, ಊರು ನೋಡುತ್ತಿತ್ತು. ಬೊಮ್ಮಣ್ಣ ಮದ್ದು ತುಂಬಿ, ಗುಂಡು ಜಡಿದು, "ತಾಯೀ" ಎಂದು ಪಿಸ್ತೂಲನ್ನು ಎರಡು ಕೈಯಲ್ಲೂ ಎತ್ತಿ ಕಣ್ಣಿಗೊತ್ತಿಕೊಂಡ.

ಢಂ!

ಹೂವಿನ ಹಾಗೆ ಹಗುರವಾದ ಕುದುರೆಗೆ ಹುಬ್ಬು ತಾಗಿದ್ದೇ ಸಾಕಾಗಿತ್ತು. ರುಮಾಲು ಹಾರಿಹೋಯಿತು. ಕಿವಿಯ ಮೇಲಿನ ಕೂದಲು ಸುಟ್ಟಿತು. ಹೊಗೆ ತಿಳಿಯಾದಾಗ ಬೊಮ್ಮಣ್ಣ ತಾನು ಬದುಕಿದ್ದೇನೋ ಸತ್ತೆನೋ ತಿಳಿಯದೆ ತಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಬೂದಿಗಣ್ಣ ಬೆಟ್ಟದ ಮೇಲೆ ನಿಂತು ನಕ್ಕ.

ಕಲ್ಲು ಕುತ್ತಿಗೆಗೆ ಏರಿತು.

"ಲೋ ಬೊಮ್ಮ," ಎಂದಳು ಗಿರಿಜವ್ವ. "ನಾನು ಕಲ್ಲಾದರೆ ಆಗಲಿ. ನೀನು ಹೆಣವಾಗೋದನ್ನ ನಾನು ಇಲ್ಲಿ ನಿಂತು ನೋಡೋ ಹಾಗೆ ಮಾಡಬೇಡ ಕಣೋ."

ಬೊಮ್ಮಣ್ಣ ಹೋಗಿ ನಿಂಗಜ್ಜಿಯ ಕಾಲಿಗೆ ಬಿದ್ದ. ಕಾಳಾಚಾರಿ ತಲೆ ತಗ್ಗಿಸಿಕೊಂಡು ಮೊದಲಿನಷ್ಟೇ ಬಿಗಿಯಾದ ಹೊಸ ಕುದುರೆ ಮಾಡಿ ಕೂರಿಸಿದ. ನಿಂಗಜ್ಜಿ ನಳಿಗೆಯ ತುದಿಯಲ್ಲಿ ಒಂದು ಹುಣಸೆಬೀಜ ಇಟ್ಟಳು.

"ಮದ್ದಿಲ್ಲ, ಗುಂಡಿಲ್ಲ. ಬೀಜ ಬೀಳದ ಹಾಗೆ ಕುದುರೆ ಎಳಿ. ಕೈ ಎಳೀಬಾರದು, ಭುಜ ಎಳೀಬಾರದು. ಬೆರಳೊಂದೇ ಎಳೀಬೇಕು."

ಬೊಮ್ಮಣ್ಣ ಅಕ್ಕನ ಎದುರಿಗೇ ಏರಿಯ ಮೇಲೆ ನಿಂತು ಎಳೆದ. ಬೀಜ ಬಿತ್ತು. ಮತ್ತೆ ಎಳೆದ. ಮತ್ತೆ ಬಿತ್ತು. ಕುತ್ತಿಗೆಯವರೆಗೆ ಕಲ್ಲಾದವಳಿಗೆ ಎಣಿಸುವುದೇ ಕೆಲಸ.

"ಹೋಯ್ತು! ಇದೂ ಹೋಯ್ತು! ಹೀಗೇ ಬಿತ್ತುತ್ತಾ ಹೋದರೆ ಏರಿ ಮೇಲೆ ಹುಣಸೆತೋಪು ಏಳುತ್ತೆ ನೋಡು."

ಹತ್ತು ದಿನಕ್ಕೆ ಬೆರಳಲ್ಲಿ ಬೊಬ್ಬೆ ಎದ್ದಿತು. ಇಪ್ಪತ್ತು ದಿನಕ್ಕೆ ಬೊಬ್ಬೆ ಒಣಗಿ ದಡ್ಡುಗಟ್ಟಿತು. ಇಪ್ಪತ್ತೆಂಟನೆಯ ದಿನ ಸಾವಿರ ಸಲ ಎಳೆದರೂ ಒಂದು ಬೀಜ ಬೀಳಲಿಲ್ಲ. ಗಿರಿಜವ್ವನಿಗೆ ಎಣಿಸಲು ಏನೂ ಇರಲಿಲ್ಲ.

ಮೂರನೆಯ ಅಮಾವಾಸ್ಯೆ ಬಂತು. ಕೋಣ ಬಂತು. ಬೊಮ್ಮಣ್ಣ ಮದ್ದು ತುಂಬಿದ ಪಿಸ್ತೂಲನ್ನು ಎತ್ತಿ ಮತ್ತೆ ಕಣ್ಣಿಗೊತ್ತಿಕೊಂಡ! ಜನರೆಲ್ಲ ಕಿವಿ ಮುಚ್ಚಿಕೊಂಡರು. ರಾಜನೂ ಮುಚ್ಚಿಕೊಂಡ. ಏನೂ ಆಗಲಿಲ್ಲ. ಕುದುರೆ ಬಿಗಿಯಾಗಿತ್ತು.

ಬೊಮ್ಮಣ್ಣ ಗುರಿ ಹಿಡಿದ. ಬೆರಳು ಮೆಲ್ಲಗೆ ಎಳೆಯತೊಡಗಿತು. ಆಗ ಹಿಂದಿನಿಂದ ಒಂದು ದನಿ: "ಮಗಾ, ಬೊಮ್ಮಾ, ಇಲ್ಲಿ ನೋಡೋ!"

ಅದು ಸತ್ತುಹೋದ ತಾಯಿಯ ದನಿ.

ಅವನ ಮೈಯೆಲ್ಲ ನಡುಗಿತು. ಹಗುರಾದ ಕುದುರೆಯಾಗಿದ್ದರೆ ಆ ನಡುಕಕ್ಕೇ ಗುಂಡು ಹಾರಿ ಕೋಣದ ಹಣೆಗೆ ಬೀಳುತ್ತಿತ್ತು. ಬಿಗಿ ಕುದುರೆ ಕದಲಲಿಲ್ಲ. ಇದು ಬೂದಿಗಣ್ಣನ ಮಾಯೆಯೆಂದು ಬೊಮ್ಮಣ್ಣ ಹಿಂತಿರುಗಿ ನೋಡಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬೆರಳು ಮಾತ್ರ ತನ್ನ ಪಾಡಿಗೆ ತಾನು ಎಳೆಯಿತು.

ಢಂ! ಹವಳ ಪುಡಿಯಾಯಿತು.

ಬೆಟ್ಟದ ಮೇಲೆ ಬೂದಿಗಣ್ಣ ಬೂದಿಯಾಗಿ ಸುರಿದ. ನಲವತ್ತು ಹೆಂಗಸರ ಮೈಯಿಂದ ಕಲ್ಲು ಕರಗಿ ಇಳಿಯಿತು. ಜನರ ಕೂಗು ಮುಗಿಲು ಮುಟ್ಟುವಷ್ಟರಲ್ಲಿ ಕೋಣ ನಿಂತಿದ್ದ ಜಾಗ ನೋಡಿ ಎಲ್ಲರೂ ಬೆಚ್ಚಿದರು. ಅಲ್ಲಿ ಕೋಣವಿರಲಿಲ್ಲ. ನೀರಿನಲ್ಲಿ ಮಂಡಿಯೂರಿ ಒಬ್ಬ ಮನುಷ್ಯ ಕುಳಿತಿದ್ದ.

"ಬೆಟ್ಟದಾಚೆಯ ಊರಿನ ಗಾಣಿಗ ನಾನು, ಸಿದ್ಲಿಂಗ. ಏಳು ವರ್ಷದಿಂದ ಕೊಂಬು ಹೊತ್ತಿದ್ದೆ" ಎಂದು ಅವನು ತೊದಲಿದ. "ಅಣ್ಣಾ, ನೀನು ಗುರಿ ಹಿಡಿದಾಗಲೆಲ್ಲ 'ನಾನು ಮನುಷ್ಯ, ಹೊಡೀಬೇಡ' ಅಂತ ಕೂಗಿದೆ. ಹೊರಗೆ ಬಂದದ್ದು ಕೋಣದ ದನಿ."

ಬೊಮ್ಮಣ್ಣ ಸಿದ್ಲಿಂಗನ ಹಣೆ ನೋಡಿದ. ಹವಳಕ್ಕೂ ಆ ಹಣೆಗೂ ನಡುವೆ ಇದ್ದದ್ದು ಮೂರು ಬೆರಳು. ಮೂರೇ ಬೆರಳು. ಪಿಸ್ತೂಲನ್ನು ನಿಂಗಜ್ಜಿಯ ಮಡಿಲಿಗೆ ಹಾಕಿ ಏರಿಯ ಮೇಲೆ ಕುಸಿದು ಕುಳಿತ. ಅಲ್ಲಿಯವರೆಗೆ ಅಲುಗದಿದ್ದ ಕೈ ಗಡಗಡ ನಡುಗತೊಡಗಿತು.

ಗಿರಿಜವ್ವ ಮೂರು ತಿಂಗಳ ಮೇಲೆ ಮೊದಲ ಹೆಜ್ಜೆ ಇಟ್ಟಳು. ತಮ್ಮನ ಹತ್ತಿರ ಬಂದು ಕುಳಿತು ಆ ಕೈಯನ್ನು ತನ್ನ ಎರಡು ಕೈಯೊಳಗೆ ಹಿಡಿದುಕೊಂಡಳು.

"ಈಗ ನಡುಗಲಿ ಬಿಡೋ," ಎಂದಳು. "ಈಗ ಎಷ್ಟು ಬೇಕಾದರೂ ನಡುಗಲಿ."

ಸಿದ್ಲಿಂಗನ ಹೆಂಡತಿ ಮಕ್ಕಳು ಗಾಡಿ ಕಟ್ಟಿಕೊಂಡು ಬಂದು ಅವನನ್ನು ಕರೆದುಕೊಂಡು ಹೋದರು. ನೇರಳಕೋಟೆಯವರು ಸುಖವಾಗಿದ್ದರು. ಅವರ ಮಕ್ಕಳೂ ಸುಖವಾಗಿದ್ದರು.

ಮಾವ ನನಗೆ ಹೇಳಿದರು, ನಾನು ನಿಮಗೆ ಹೇಳಿದೆ. ಕೇಳಿದವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಒಬ್ಬರನ್ನಾದರೂ ಕೂರಿಸಿಕೊಂಡು ನಿಧಾನವಾಗಿ ಹೇಳಿ ಎಂದು ಕೈಮುಗಿದು ಬೇಡುತ್ತೇನೆ.