ಹೊಳೆ ಮರಳಿನ ಸಾಕ್ಷಿ

ವರ್ಷಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಕಂಡುಕೊಂಡದ್ದನ್ನು ಭೂವಿಜ್ಞಾನಿಯಾದ ಅವನು ಮೊದಲು ಹೇಳಿದ್ದು ಗೆಳೆಯನಿಗೆ. ಹೇಳಲು ಬೇರೆ ಯಾರಿದ್ದರು? ಮನೆಯಲ್ಲಿ ಕಾಯುತ್ತಿದ್ದದ್ದು ನಾಲ್ಕು ಗೋಡೆ. ಊರಾಚೆಯ ಗಣಿಯ ಮರಳುಗಲ್ಲು ಯಾವ ಬೆಟ್ಟ ಸವೆದು ಹುಟ್ಟಿತೆಂಬ ಆ ಗುಟ್ಟು ಆ ಗೆಳೆಯನ ಹೆಸರಿನಲ್ಲಷ್ಟೇ ಅಚ್ಚಾಯಿತು.

“ಮರಳಪ್ಪಾ, ನಿಂಗೆ ಬರೆಯೋಕೆ ಸೋಮಾರಿತನ. ನಾನು ಬರೆದೆ, ಅಷ್ಟೇ ಕಣೋ,” ಎಂದು ಗೆಳೆಯ ನಕ್ಕ. ಇವನೂ ನಕ್ಕ. ಉಂಡ ಮನೆಯ ಜಂತೆ ಎಣಿಸಿದವನನ್ನು ಅಂದೇ ಮನಸ್ಸಿನಲ್ಲಿ ಹೂತುಬಿಟ್ಟ.

ಪಾಳುಬಿದ್ದ ಗಣಿಯ ಅಂಚಿನಿಂದ ತಳ್ಳುವುದು ಸುಲಭ. ಆದರೆ ಅಲ್ಲಿಗೆ ಹೋಗುತ್ತಿದ್ದವನು ತಾನೊಬ್ಬನೇ, ಅನುಮಾನ ತನ್ನ ಮೇಲೇ ಬರುತ್ತದೆ. ಹೆಣ ದೂರದ ಹೊಳೆಯ ಬಂಡೆಗಳ ಕೆಳಗೆ ಸಿಗಬೇಕು, ಕಾಲು ಜಾರಿ ಬಿದ್ದಂತೆ. ಬೂಟಿನ ಮರಳೂ ಅದನ್ನೇ ಹೇಳಬೇಕು. ಊರಿಗೆಲ್ಲ ಮರಳು ಅಂದರೆ ಮರಳು. ಅವನಿಗೆ ಒಂದೊಂದು ಕಾಳಿನ ಕುಲಗೋತ್ರವೂ ಗೊತ್ತು. ಗಣಿಯ ಕಲ್ಲಿನಲ್ಲಿ ಬಾಳಿಕೆ ಬಾರದ ಖನಿಜಗಳೆಲ್ಲ ಕರಗಿಹೋಗಿ, ಜಿರ್ಕಾನ್‌ನಂಥ ಗಟ್ಟಿ ಕಾಳುಗಳಷ್ಟೇ ಉಳಿದಿದ್ದವು. ಹೊಳೆಯ ಮರಳಿನಲ್ಲಾದರೋ ಮೇಲಿನ ಬೆಟ್ಟದಿಂದ ಬಂದ ಗಾರ್ನೆಟ್ ಖನಿಜದ ಕೆಂಪು ಕಾಳುಗಳು. ದಂಡೆಯಲ್ಲಿ ಕೂತು ಹೆಣದ ಬೂಟಿಗೆ ಮರಳು ತುಂಬುತ್ತಿದ್ದರೆ ಮೀನುಗಾರರು ನೋಡಿಯಾರು. ಅದಕ್ಕೇ ತಾನೇ ಹಿಂದೆಂದೋ ಅಲ್ಲಿಂದ ತಂದಿಟ್ಟಿದ್ದ ಮರಳಿನ ಶೀಶೆಯನ್ನು ಪ್ರಯೋಗಾಲಯದ ಕಪಾಟಿನಿಂದ ತೆಗೆದುಕೊಂಡ.

ಗಣಿಯ ಅಂಚಿನಲ್ಲಿ ಗೆಳೆಯ ಕೆಳಗೆ ಬಗ್ಗಿ ನೋಡುತ್ತ, “ಮುಂದಿನ ಲೇಖನಕ್ಕೆ ಇಬ್ಬರ ಹೆಸರೂ ಹಾಕೋಣ ಬಿಡು,” ಎಂದ. ಇವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ತಳ್ಳಿತು.

ಕೆಳಗಿಳಿದು ಹೆಣದ ಬೂಟಿನ ಹೊಲಿಗೆ ಹೊಲಿಗೆಯಿಂದಲೂ ಗಣಿಯ ಧೂಳನ್ನು ಕುಂಚದಿಂದ ತೆಗೆದು ಹೊಳೆ ಮರಳು ತುಂಬಿದ. ಮುಂಜಾವಿನ ಮಂಜಿನಲ್ಲಿ ಹೆಣ ಬಂಡೆಗಳ ಕೆಳಗೆ ಸೇರಿತು. ಎಲ್ಲರೂ ಕಾಲು ಜಾರಿತೆಂದರು. ಇವನ ಹೆಗಲು ತಟ್ಟಿ ಸಮಾಧಾನ ಹೇಳಿದರು.

ಸಂಜೆಗಳು ಮಾತ್ರ ಮುಗಿಯುತ್ತಿರಲಿಲ್ಲ. ಕೈ ರೂಢಿಯಂತೆ ಎರಡು ಲೋಟಕ್ಕೆ ಚಹಾ ಬಗ್ಗಿಸುತ್ತಿತ್ತು. ಒಂದು ಆರಿ ಕೆನೆಗಟ್ಟುತ್ತಿತ್ತು. ಇಷ್ಟು ಚೊಕ್ಕ ಕೆಲಸವನ್ನು ಮೆಚ್ಚಬಲ್ಲವನು ಲೋಕದಲ್ಲಿ ಒಬ್ಬನಿದ್ದ. ಅವನನ್ನೇ ಕೊಂದಿದ್ದ.

ಹಾಗಾಗಿ ಇನ್ಸ್‌ಪೆಕ್ಟರ್ ಬಂದು ಎದುರು ಕೂತಾಗ ಒಳಗೊಳಗೇ ಹಿತವೆನಿಸಿತು. ಮಾತಾಡಲು ಒಬ್ಬರು ಸಿಕ್ಕರು.

“ಬೂಟಿನ ಮರಳಲ್ಲಿ ಕೆಂಪು ಕಾಳು ಇದೆಯಂತೆ ಸರ್.”

“ಗಾರ್ನೆಟ್ ಅದು. ಆ ಹೊಳೆ ಮರಳೇ ಹಾಗೆ.”

“ಮೊದಲು ಹಾಗಿತ್ತಂತೆ. ಮೇಲೆ ಅಣೆಕಟ್ಟು ಆದ್ಮೇಲೆ ಆ ಬೆಟ್ಟದ ಮರಳು ಕೆಳಗೆ ಇಳೀತಾನೇ ಇಲ್ಲ. ಹಳೇದೆಲ್ಲ ನೆರೆಗೆ ಕೊಚ್ಚಿಹೋಗಿದೆ. ದಂಡೆ ಉದ್ದಕ್ಕೂ ತೆಗೆಸಿ ನೋಡಿದ್ವಿ, ಒಂದೇ ಒಂದು ಕೆಂಪು ಕಾಳಿಲ್ಲ.” ಇನ್ಸ್‌ಪೆಕ್ಟರ್ ಕಪಾಟಿನತ್ತ ತಿರುಗಿದರು. “ಅಣೆಕಟ್ಟಿಗೆ ಮುಂಚಿನ ಮರಳು ಯಾರ ಹತ್ರ ಇದೆ ಸರ್?”