ಹಳದಿ ಹೊದಿಕೆಯ ನಿಜವಾದ ಬಣ್ಣ

"ಯಾರ್ರೀ ಅದು, ನಮ್ಮಜ್ಜಿ ತಲೆ ಕತ್ತರಿಸಿದೋರು?"

ಬಾಗಿಲು ದಡಾರನೆ ತೆರೆದುಕೊಂಡಿತು. ಒಳಗೆ ಎರಡು ಕುರ್ಚಿ, ಒಂದು ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಒಂದಕ್ಕೊಂದು ಸುತ್ತಿಕೊಂಡ ವೈರುಗಳು. ಅವುಗಳ ನಡುವೆ ಕೂತಿದ್ದವನು ಬೆಚ್ಚಿ ತಲೆ ಎತ್ತಿದ. ಕೈಯಲ್ಲಿದ್ದ ಬಿಸ್ಕತ್ತು ಮುರಿದು ಟೀ ಲೋಟದೊಳಗೆ ಬಿತ್ತು.

"ಅಜ್ಜಿನಾ... ಯಾವ ಅಜ್ಜಿ ಮೇಡಂ?"

"ಎಷ್ಟು ಜನ ಅಜ್ಜಿಯರ ತಲೆ ಕತ್ತರಿಸಿದ್ದೀರಿ ನೀವು?"

ಅವಳು ಫೋನನ್ನು ಅವನ ಮೂಗಿನ ತುದಿಗೆ ಹಿಡಿದಳು. ಅದರಲ್ಲಿ ಅವನು ಅವಳಿಗೆ ಮಾಡಿಕೊಟ್ಟ ವೆಬ್‌ಸೈಟು. ಅವಳು ತೆಗೆದ ಫೋಟೋಗಳೆಲ್ಲ ಚೌಕ ಚೌಕವಾಗಿ ಸಾಲಾಗಿ ಕೂತಿವೆ. ಮೆಟ್ಟಿಲ ಮೇಲೆ ಕೂತ ಅಜ್ಜಿಯ ಉದ್ದನೆಯ ಚಿತ್ರದಲ್ಲಿ ಗಲ್ಲವಿದೆ, ಮಡಿಲಲ್ಲಿ ಕೈಗಳಿವೆ. ಗಲ್ಲದಿಂದ ಮೇಲಕ್ಕೆ ಅಜ್ಜಿಯೇ ಇಲ್ಲ!

"ಅದು ನಾನಲ್ಲ... ಟೆಂಪ್ಲೇಟು, ಸೈಟಿನ ರೆಡಿಮೇಡ್ ಅಚ್ಚು. ಯಾವ ಫೋಟೋ ಹಾಕಿದ್ರೂ ಅದು ಚೌಕ ಮಾಡ್ಕೊಳ್ಳುತ್ತೆ. ಅಳತೆಗೆ ಮೀರಿದ್ದನ್ನ ತಾನೇ ಕತ್ತರಿಸಿಬಿಡುತ್ತೆ."

"ಮತ್ತೆ ನೀವು ಯಾಕಿದ್ದೀರಿ? ಬಿಸ್ಕತ್ತು ಅದ್ದೋಕಾ?"

ಅವನು ಸಿಟ್ಟಾಗಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಪಕ್ಕದ ಕುರ್ಚಿಯ ಧೂಳು ಒರೆಸಿ ಅವಳ ಕಡೆ ಸರಿಸಿದ.

"ಕೂತ್ಕೊಳ್ಳಿ. ಮೊದಲು ಅಜ್ಜಿಗೆ ತಲೆ ಕೂರಿಸೋಣ."

ಅವಳಿಗೆ ಫಕ್ಕನೆ ನಗು ಬಂತು. ತುಟಿ ಕಚ್ಚಿಕೊಂಡಳು. ಜಗಳಕ್ಕೆಂದೇ ಹೊರಟು ಬಂದವರಿಗೆ ಮಧ್ಯದಲ್ಲಿ ನಗು ಬಂದುಬಿಟ್ಟರೆ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿಲ್ಲ ನೋಡಿ.

ಅವತ್ತಿನಿಂದ ಅವನ ಹೆಸರು ಅವಳ ಬಾಯಲ್ಲಿ 'ಟೆಂಪ್ಲೇಟು' ಆಯಿತು.

ಅವಳದ್ದು ಅಪ್ಪನಿಂದ ಬಂದ ಫೋಟೋ ಸ್ಟುಡಿಯೋ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಅಲ್ಲಿಗೆ ಬರುವವರು ಕಡಿಮೆಯಾದರು. ಅಪ್ಪ ತೀರಿಕೊಂಡ ಮೇಲಂತೂ ಬಾಗಿಲು ತೆರೆದಿದ್ದರೂ ಮುಚ್ಚಿದ ಹಾಗೆಯೇ.

ಅಣ್ಣನಿಗೆ ಸೋಫಾ ಅಂಗಡಿ. ಬಂದಾಗಲೆಲ್ಲ ಆ ಕೋಣೆಯನ್ನು ಕಣ್ಣಿನಲ್ಲೇ ಅಳೆಯುತ್ತಿದ್ದ.

"ಇಲ್ಲಿ ಆರು ಸೋಫಾ ಆರಾಮಾಗಿ ಹಿಡಿಸುತ್ತೆ. ನೀನು ಬಂದು ನನ್ನ ಅಂಗಡಿಯಲ್ಲಿ ಬಿಲ್ ಹಾಕ್ಕೊಂಡಿರು. ಫೋಟೋ ಗೀಟೋ ಎಲ್ಲ ಸಾಕು ಕಣಮ್ಮ."

"ಈ ವರ್ಷ ಒಂದು ಬಿಡೋ ಅಣ್ಣ. ಆಮೇಲೆ ನೀನು ಹೇಳಿದ ಹಾಗೆ."

ಹಾಗೆ ಹೇಳಿಬಿಟ್ಟು ಅವಳು ಹಿಡಿದ ದಾರಿಯೇ ಈ ವೆಬ್‌ಸೈಟು. ಜನರು ಗೋಡೆಗೆ ಹಾಕಿಕೊಳ್ಳುವಂಥ ಫೋಟೋಗಳನ್ನು ಅಲ್ಲಿ ಮಾರುವುದು. ಒಣಗಲು ಹಾಕಿದ ಬಟ್ಟೆ, ಅರ್ಧ ತೆರೆದ ಬಾಗಿಲು, ಕಿಟಕಿಯ ಬಳಿ ಹಳದಿ ಹೊದಿಕೆ ಮಡಚುತ್ತಿರುವ ಅಮ್ಮ... ಇಂಥವೇ ಅವಳ ಚಿತ್ರಗಳು.

ದಿನಾ ಮಧ್ಯಾಹ್ನ ಅವನ ಅಂಗಡಿಗೆ ಹೋಗುವುದು, ದಿನಾ ಜಗಳ!

"ಈ ಫೋಟೋ ತುಂಬಾ ಭಾರ ಇದೆ. ಪುಟ ತೆರೆಯೋದ್ರೊಳಗೆ ಗಿರಾಕಿ ಎದ್ದು ಹೋಗಿರ್ತಾರೆ. ಸ್ವಲ್ಪ ಇಳಿಸ್ಲಾ?"

"ಒಂದು ಕೂದಲಿನ ಎಳೆ ಮಸುಕಾದ್ರೂ ನೋಡಿ ಆಮೇಲೆ..."

"ಇಳಿಸಿರೋದು ನೋಡೋಕೆ ಮಾತ್ರ. ಕೊಂಡವರಿಗೆ ಪ್ರಿಂಟ್ ಹಾಕೋದು ನಿಮ್ಮ ಹತ್ರ ಇರೋ ದೊಡ್ಡ ಫೈಲಿಂದಾನೇ."

"ಹಾಗಿದ್ರೆ ಸರಿ. ಆದ್ರೆ ಬಣ್ಣ ಮಾತ್ರ ಮುಟ್ಟಕೂಡದು. ಬಣ್ಣ ನನ್ನದು."

"ಸರಿ. ಇನ್ನೊಂದು ವಿಷಯ... ನೀವು ಮನೆಯಲ್ಲಿ ಫೋಟೋ ನೋಡೋ ಕಂಪ್ಯೂಟರ್ ಸ್ಕ್ರೀನು..."

"ಅದು ನಮ್ಮಪ್ಪಂದು!" ಅವಳ ಮುಖ ಅರಳಿತು. "ನನಗೆ ಬಣ್ಣ ನೋಡೋಕೆ ಕಲಿಸಿದ್ದೇ ಅದರ ಮುಂದೆ ಕೂರಿಸಿಕೊಂಡು. ಇವತ್ತಿಗೂ ಅದರಲ್ಲಿ ಸರಿ ಕಂಡ್ರೆ ಮಾತ್ರ ನನಗೆ ಸಮಾಧಾನ. ಅದು ಯಾಕೆ ಕೇಳಿದ್ರಿ?"

ಅವನು ಅವಳ ಮುಖ ನೋಡಿದ. ಆ ಮುಖದಲ್ಲಿ ಆಗ ಅಪ್ಪ ಇನ್ನೂ ಬದುಕಿದ್ದ ಹಾಗಿತ್ತು.

"ಏನಿಲ್ಲ... ಸುಮ್ನೆ ಕೇಳಿದೆ."

ಆಮೇಲೂ ಒಂದೆರಡು ಸಲ ಆ ಮಾತು ತೆಗೆದ, ಪ್ರತಿ ಸಲವೂ ಅವಳು ಮಧ್ಯೆ ಬಾಯಿ ಹಾಕಿದಳು. ಅಷ್ಟು ಹೊತ್ತಿಗೆ ಅವನಿಗೂ ಮಧ್ಯಾಹ್ನವಾಯಿತೆಂದರೆ ಬಾಗಿಲ ಕಡೆ ಕಣ್ಣು ಹೋಗುವ ರೋಗ ಹಿಡಿದಿತ್ತು. ಹಿಡಿದ ಮೇಲೆ ನಿಷ್ಠುರದ ಮಾತು ಯಾರ ಬಾಯಲ್ಲಿ ಬಂದೀತು?

ಅವಳಿಗೇನು ಕಡಿಮೆಯಿತ್ತೇ! ಕಿಟಕಿಯಿಂದ ಬರುವ ಬೆಳಕನ್ನು ಬಿಳಿ ಬಟ್ಟೆ ಹಿಡಿದು ಮುಖದ ಮೇಲೆ ತಿರುಗಿಸುವುದು ಹೇಗೆ ಎಂದು ಅವನಿಗೆ ತೋರಿಸುವ ನೆಪದಲ್ಲಿ ಒಂದು ದಿನ ಅವನನ್ನೇ ಕಿಟಕಿಯ ಹತ್ತಿರ ಕೂರಿಸಿದಳು. ಕ್ಯಾಮೆರಾ ಕಣ್ಣಿಗೆ ಹಿಡಿದವಳು ಒತ್ತುವುದನ್ನೇ ಮರೆತಳು.

"ಏನಾಯ್ತು?"

"ಏನಿಲ್ಲ. ಗಲ್ಲ ಕೆರೆಯಬೇಡಿ."

'ಎಲ್ಲ ಬಿಟ್ಟು ಈ ಮಂಕುದಿಣ್ಣೆಯಾ...' ಎಂದು ಮನಸ್ಸಿಗೆ ತಾನೇ ಬೈದುಕೊಂಡಳು. ಮನಸ್ಸು ಕೇಳಬೇಕಲ್ಲ!

ಹೀಗಿರುವಾಗ ಒಂದು ದೊಡ್ಡ ಕರೆ ಬಂತು. ಹೊಸದಾಗಿ ಕಟ್ಟುತ್ತಿದ್ದ ಆಸ್ಪತ್ರೆಯೊಂದರ ಒಳಾಂಗಣದ ಜವಾಬ್ದಾರಿ ಹೊತ್ತ ಹೆಂಗಸು ವೆಬ್‌ಸೈಟು ನೋಡಿದ್ದರು. ರೋಗಿಗಳ ಕೋಣೆಗಳಿಗೆಲ್ಲ ಅವಳ ಫೋಟೋಗಳೇ ಬೇಕಂತೆ.

"ಆ ಹಳದಿ ಹೊದಿಕೆಯ ಚಿತ್ರ ನೋಡಿದ್ರೆ ಮನೆಗೆ ಹೋದ ಹಾಗಾಗುತ್ತೆ ಕಣಮ್ಮ. ಎಷ್ಟು ಬೆಚ್ಚಗಿದೆ! ಮೊದಲು ಒಂದೆರಡು ದೊಡ್ಡ ಪ್ರಿಂಟ್ ಕಳಿಸು, ನೋಡಿ ಹೇಳ್ತೀನಿ."

ಇದೊಂದು ಆದರೆ ಸ್ಟುಡಿಯೋ ಉಳಿಯಿತು! ಅವಳು ಖುಷಿಯಲ್ಲಿ ಅವನ ಅಂಗಡಿಗೆ ಓಡಿದಳು. ಅವನು ನಕ್ಕ. ಆದರೆ ಪ್ರಿಂಟ್ ಎಂಬ ಮಾತು ಕೇಳುತ್ತಲೇ ಆ ನಗು ಅರ್ಧಕ್ಕೇ ನಿಂತಿತು.

"ಕಳಿಸೋಕೆ ಮುಂಚೆ ನನಗೊಂದು ಸಲ ತೋರಿಸ್ತೀರಾ? ಯಾಕಂದ್ರೆ..."

"ಪ್ರಿಂಟ್ ಹಾಕೋರಿಗೆ ಫೈಲು ಕೊಟ್ಟು ಆಗಲೇ ನೇರ ಅಲ್ಲಿಗೇ ಕಳಿಸಿ ಆಯ್ತು, ಟೆಂಪ್ಲೇಟು ಮಹಾರಾಯರೇ! ನೀವು ಟೀ ತರಿಸಿ."

ಪ್ರಿಂಟುಗಳು ವಾಪಸ್ಸು ಬಂದವು. ಹಿಂದೆಯೇ ಫೋನು.

"ನಾನು ಸೈಟಿನಲ್ಲಿ ನೋಡಿದ್ದು ಇದಲ್ಲಮ್ಮ. ಇದು ತಣ್ಣಗಿದೆ... ಕಾಯಿಲೆ ಮಲಗಿದವರ ಮುಂದೆ ಇದನ್ನ ಹೇಗೆ ಹಾಕಲಿ? ತೋರಿಸೋದು ಒಂದು, ಕೊಡೋದು ಒಂದು ಆದ್ರೆ ಹೇಗೆ ನಂಬೋದು ಹೇಳು?"

ತಾನು ಮೋಸಗಾತಿಯೇ? ಇಷ್ಟು ದಿನ ಸೈಟನ್ನು ಫೋನಿನಲ್ಲೋ ಅವನ ಅಂಗಡಿಯಲ್ಲೋ ನೋಡಿದ್ದಳೇ ಹೊರತು ಅಪ್ಪನ ಸ್ಕ್ರೀನಿನಲ್ಲಿ ತೆರೆದಿರಲಿಲ್ಲ. ಈಗ ತೆರೆದಳು. ಪಕ್ಕದಲ್ಲಿ ತನ್ನ ಫೈಲನ್ನೂ ಇಟ್ಟಳು.

ತನ್ನದು ಅಚ್ಚುಕಟ್ಟಾಗಿತ್ತು. ಸೈಟಿನದು ಅರಿಶಿನ ಬಳಿದ ಹಾಗಿತ್ತು!

ಮುಟ್ಟಬೇಡ ಎಂದಿದ್ದನ್ನೇ ಅವನು ಮುಟ್ಟಿದ್ದ.

ಆ ಬಿಸಿಲಲ್ಲಿ ಚಪ್ಪಲಿ ಅದಲು ಬದಲಾಗಿದ್ದೂ ತಿಳಿಯದೆ ನಡೆದು ಹೋದಳು.

"ಬಣ್ಣ ಬದಲಾಯಿಸಿದ್ದೀರಾ, ಇಲ್ವಾ? ಹೌದು, ಇಲ್ಲ, ಅಷ್ಟೇ ಹೇಳಿ."

ಅವನ ಮುಖ ಬಿಳಿಚಿತು.

"ಹೌದು. ಆದ್ರೆ ಯಾಕೆ ಅಂದ್ರೆ ನಿಮ್ಮ..."

"ಯಾಕೆ ಅಂತ ನಾನು ಕೇಳಿದ್ನಾ? ನನ್ನ ಕೆಲಸ ಇಷ್ಟ ಆಗದಿದ್ರೆ ಮುಖದ ಮೇಲೆ ಹೇಳಬೇಕಿತ್ತು. ಹಿಂದಿನಿಂದ ಬಂದು ತಿದ್ದೋಕೆ ನೀವ್ಯಾರು? ಇವತ್ತು ನಾನು ಸುಳ್ಳಿ ಆದೆ, ಗೊತ್ತಾ? ನಮ್ಮಪ್ಪ ಕೂತ ಜಾಗದಲ್ಲಿ ನಾಳೆ ಸೋಫಾ ಕೂರುತ್ತೆ!"

"ಒಂದೇ ಒಂದು ಮಾತು..."

"ಬೇಡ! ನನ್ನ ಬಣ್ಣ ನನಗೆ ವಾಪಸ್ ಹಾಕಿ. ಆಮೇಲೆ ನಿಮಗೂ ನನಗೂ ಏನೂ ಇಲ್ಲ."

ಹೊರಗೆ ಬಂದ ಮೇಲೆ ಅಳು ಬಂತು. ಅಳುತ್ತಿರುವುದು ಫೋಟೋಗಾಗಿಯೋ, ಅವನಿಗಾಗಿಯೋ... ಅವಳಿಗೇ ತಿಳಿಯಲಿಲ್ಲ. ಅದು ತಿಳಿಯದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮನೆಯಲ್ಲಿ ಅಮ್ಮ ಆ ದೊಡ್ಡ ಪ್ರಿಂಟನ್ನು ಬಿಚ್ಚಿ, ಜಗಲಿಯ ಬೆಳಕಿಗೆ ಗೋಡೆಗೊರಗಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

"ಏನೇ ಇದು, ನನ್ನನ್ನ ನೀರಿಂದ ಎತ್ತಿ ತಂದು ನಿಲ್ಲಿಸಿದ ಹಾಗಿದೆ?"

"ಅಮ್ಮಾ, ನನಗೆ ಈಗ ತಮಾಷೆ ಬೇಡ."

"ತಮಾಷೆ ಅಲ್ವೇ! ತುಟಿ ನೋಡು, ನೀಲಿ. ಹೊದಿಕೆ ನೋಡು, ಒಗೆದು ಒಗೆದು ಬೂದಿಯಾದ ಹಾಗಿದೆ. ಹೊಸಾ ಹೊದಿಕೆ ಅದು!" ಅಮ್ಮ ಒಳಗೆ ಹೋಗಿ ಆ ಹೊದಿಕೆಯನ್ನೇ ತಂದು ಪ್ರಿಂಟಿನ ಪಕ್ಕ ಹಿಡಿದರು. "ಇದು ಅದೇನಾ? ನೀನೇ ಹೇಳು."

ಅವಳು ನೋಡಿದಳು. ಬಗ್ಗಿ ಇನ್ನೊಮ್ಮೆ ನೋಡಿದಳು.

ಹೊದಿಕೆ ಹಳದಿ. ಚಿತ್ರ ಬೂದಿ.

ಹೊದಿಕೆ ಎತ್ತಿಕೊಂಡು ಒಳಗೆ ಓಡಿ ಸ್ಕ್ರೀನಿನ ಪಕ್ಕ ಹಿಡಿದಳು. ಅಲ್ಲಿ ಚಿತ್ರವೂ ಹಳದಿಯೇ! ಒಂದು ಖಾಲಿ ಬಿಳಿ ಪುಟ ತೆರೆದು, ಅದರ ಪಕ್ಕ ಬಿಳಿ ಕಾಗದ ಹಿಡಿದಳು. ಕಾಗದ ಬಿಳಿ. ಸ್ಕ್ರೀನಿನ ಬಿಳುಪು ಹಳೇ ಹಲ್ಲಿನ ಬಣ್ಣ.

ವಯಸ್ಸಾಗಿ ಸ್ಕ್ರೀನು ಹಳದಿಗೆ ತಿರುಗಿತ್ತು. ಅದು ಎಲ್ಲವನ್ನೂ ಹಳದಿ ತೋರಿಸಿತು, ಇವಳು ಕೂತು ಆ ಹಳದಿಯನ್ನೆಲ್ಲ ಫೋಟೋದಿಂದ ತೆಗೆದಳು. ಇರುವ ಫೋಟೋಗಳಿಗೆಲ್ಲ ತಾನೇ ಚಳಿ ಹಿಡಿಸಿದ್ದಳು! ಅವನು ಸದ್ದಿಲ್ಲದೆ ಅವುಗಳಿಗೆ ಬಿಸಿಲು ಕಾಯಿಸಿದ್ದ.

"ಅಪ್ಪನ ಸ್ಕ್ರೀನು ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆನಲ್ಲಮ್ಮ..."

ಅಮ್ಮ ಬಾಗಿಲಿಗೊರಗಿ ನಿಂತರು.

"ನಿಮ್ಮಪ್ಪನೇ ಅದನ್ನ ನಂಬ್ತಿರಲಿಲ್ಲ. ಕೊನೇ ವರ್ಷ ಪ್ರತಿ ಫೋಟೋನೂ ಅಚ್ಚು ಹಾಕಿ ಜಗಲಿಗೆ ತಂದು ನೋಡೋರು. 'ಇದಕ್ಕೆ ಕಣ್ಣು ಮಂಜಾಗಿದೆ ಕಣೇ, ನನ್ನ ಹಾಗೆ' ಅಂತಿದ್ರು. ನಿನಗೆ ಗೊತ್ತು ಅಂದ್ಕೊಂಡಿದ್ದೆ."

ಅವಳು ಫೋನು ತೆಗೆದು ಆಸ್ಪತ್ರೆಯ ಆ ಹೆಂಗಸಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಪ್ಪು ಸೈಟಿನದ್ದಲ್ಲ, ಪ್ರಿಂಟಿನದ್ದು, ಅಂದರೆ ತನ್ನದು. ಇನ್ನೊಂದು ಅವಕಾಶ ಕೊಟ್ಟರೆ ಹಗಲು ಬೆಳಕಲ್ಲಿ ನೋಡಿ ಕಳಿಸುವೆ ಎಂದಳು.

"ಎಲ್ಲ ಕೋಣೆಗೂ ಅಂತ ಈಗ ಮಾತು ಕೊಡಲ್ಲಮ್ಮ. ಮಕ್ಕಳ ವಾರ್ಡಿಗೆ ಮೊದಲು ಮಾಡಿಕೊಡು. ನೋಡೋಣ."

ಮಕ್ಕಳ ವಾರ್ಡು. ಸ್ಟುಡಿಯೋದ ಬಾಗಿಲು ಇನ್ನೊಂದಷ್ಟು ದಿನ ತೆರೆದಿರಲು ಅಷ್ಟು ಸಾಕು.

ಮರುದಿನ ಅವನ ಅಂಗಡಿಯ ಬಾಗಿಲನ್ನು ಅವಳು ಮೊದಲ ಬಾರಿಗೆ ಮೆಲ್ಲಗೆ ತೆರೆದಳು. ಅವಳ ಮಾತಿನಂತೆ ಅವನು ಅವಳ ಬಣ್ಣಗಳನ್ನೆಲ್ಲ ವಾಪಸ್ಸು ಹಾಕಿದ್ದ. ನೀಲಿಗಟ್ಟಿದ ಅಮ್ಮನ ಚಿತ್ರದ ಮುಂದೆ ಕೆನ್ನೆಗೆ ಕೈಯಿಟ್ಟು, ಹತ್ತಿರದವರು ಆಸ್ಪತ್ರೆಯಲ್ಲಿರುವವನ ಹಾಗೆ ಕೂತಿದ್ದ.

"ತೆಗೀರಿ ಅದನ್ನ. ನೋಡೋಕಾಗ್ತಿಲ್ಲ."

ಅವನು ದಡಬಡಿಸಿ ಎದ್ದ.

"ನೀವು ಹೇಳಿದ್ದಕ್ಕೇ ಹಾಕಿದ್ದು..."

"ನಾನು ಹೇಳಿದ್ದನ್ನೆಲ್ಲ ಮಾಡ್ತೀರಾ? ಅಯ್ಯೋ ದೇವರೇ! ಸ್ಕ್ರೀನು ಕೆಟ್ಟಿದೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನನ್ನ ಸ್ಕ್ರೀನಲ್ಲಿ ನಿಮ್ಮ ಫೋಟೋ ಎಲ್ಲ ನೀಲಿಗಟ್ಟಿ ಕಂಡ್ವು, ಹೇಳೋಕೆ ಬಂದೆ. ಅಪ್ಪಂದು ಅಂದ್ರಿ. ಆಗ ನಿಮ್ಮ ಮುಖ... ಅದನ್ನ ನೋಡಿದ ಮೇಲೆ ಬಾಯಿ ಬರಲಿಲ್ಲ. ಸೈಟಲ್ಲಿ ಸರಿ ಮಾಡಿಟ್ರೆ ಸಾಕು ಅಂದ್ಕೊಂಡೆ. ಪ್ರಿಂಟು ನಿಮ್ಮ ದೊಡ್ಡ ಫೈಲಿಂದ ಹೋಗುತ್ತೆ ಅಂತ ನಾನೇ ಹೇಳಿದ್ದೆ, ಆದ್ರೂ ಆಗ ಅದು ಹೊಳೀಲೇ ಇಲ್ಲ. ಹೊಳೆದಾಗ ನೀವು ಕಳಿಸಿ ಆಗಿತ್ತು."

"ನನಗೆ ನೋವಾಗಬಾರದು ಅಂತ ನನ್ನ ಮರ್ಯಾದೇನೇ ತೆಗೆದ್ರಲ್ಲ!"

"ತಪ್ಪಾಯ್ತು. ದೊಡ್ಡ ತಪ್ಪು."

"ನಂದೂ ಕಡಿಮೆ ಇಲ್ಲ. ನಿಮಗೆ ಮಾತಾಡೋಕೆ ಬಿಟ್ಟಿದ್ರೆ ತಾನೆ." ಅವಳು ಕುರ್ಚಿಯಲ್ಲಿ ಕೂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಗದರುತ್ತಿತ್ತು. "ಕೇಳಿ. ನನ್ನ ಜೊತೆ ಇರೋರು ನನಗೆ ನಿಜ ಹೇಳಬೇಕು. ನಾನು ಕೂಗಾಡ್ತೀನಿ, ಬಾಗಿಲು ಬಡೀತೀನಿ, ಆದ್ರೂ ಹೇಳಬೇಕು."

ಅವನು ತಡವರಿಸಿದ.

"ಜೊತೆ ಇರೋರು ಅಂದ್ರೆ... ಕೆಲಸದ ಜೊತೆನಾ?"

"ನೀವೇ ಹೇಳಿ. ಯಾವ ಜೊತೆ ಬೇಕು ನಿಮಗೆ?"

ಅವನು ಇನ್ನೊಂದು ಕುರ್ಚಿ ಎಳೆದು ಅವಳೆದುರು ಕೂತ.

"ನಿನ್ನೆ ನೀವು ಹೋದ ಮೇಲೆ ನನಗೆ ಏನು ಮಾಡೋದು ಅಂತ ತಿಳೀಲಿಲ್ಲ. ಬೈಸ್ಕೊಳ್ಳೋಕೂ ಯಾರೂ ಇರಲಿಲ್ಲ. ನೀವಂದ್ರೆ ನನಗೆ ಇಷ್ಟ. ಕೆಲಸದ ಮಾತಲ್ಲ ಇದು. ಉಳಿದ ಜೀವನದ ಮಾತು."

ಅಂತೂ ಬಂತು! ಅವಳು ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು. ನಗುವಾಗಲೇ ಕಣ್ಣೀರೂ ಇಳಿಯಿತು.

"ನನಗೂ... ಯಾಕೆ ಅಂತ ಮಾತ್ರ ಕೇಳಬೇಡಿ. ನಡೀರಿ, ಅಮ್ಮ ನಿಮ್ಮನ್ನ ನೋಡಬೇಕಂತೆ."

"ಯಾವಾಗ?"

"ಈಗ."

"ಈಗಲೇನಾ?" ಅವನು ಗಾಬರಿಯಲ್ಲಿ ಎದೆ ಮುಟ್ಟಿ ನೋಡಿಕೊಂಡ. "ಈ ಶರ್ಟಲ್ಲಿ... ಚೆನ್ನಾಗಿದೆಯಾ?"

ಅವಳು ಮೇಲಿಂದ ಕೆಳಗೆ ನೋಡಿದಳು.

"ಚೆನ್ನಾಗಿಲ್ಲ."

"ಅಯ್ಯೋ... ಮತ್ತೆ?"

"ಮತ್ತೇನು, ಬನ್ನಿ," ಎಂದು ಅವಳು ಅವನ ಕೈ ಹಿಡಿದುಕೊಂಡಳು. "ನನಗೆ ಪರವಾಗಿಲ್ಲ."